ಅಮ್ಮನ್ನ ಕೇಳಿ ಹೇಳ್ತೀನಿ

"ಇದು ನಾನು ಹೇಳಿದ ಮಾತು."

ಹಿಂದಿನಿಂದ ಬಂದ ಆ ದನಿಗೆ ಶಾಂತಲಾ ಬೋರ್ಡಿಗೆ ತಂತಿ ಬಿಗಿಯುತ್ತಿದ್ದವಳು ಹಾಗೇ ನಿಂತಳು. ಯಾರೆಂದು ತಿರುಗಿ ನೋಡಬೇಕಾಗಿರಲಿಲ್ಲ. ಮರೆಯಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆ ದನಿ ಅವಳಿಗೆ ಮರೆತುಹೋಗಿರಲಿಲ್ಲ.

ಭಾನುವಾರ ಬೆಳಿಗ್ಗೆ. ಸಂಜಯನಗರದ ಪಾರ್ಕೊಂದರ ಕಬ್ಬಿಣದ ಬೇಲಿಗೆ ಅವಳು ತಗಡಿನ ಬೋರ್ಡುಗಳನ್ನು ಕಟ್ಟುತ್ತಿದ್ದಳು. ದೂರದಿಂದ ನೋಡಿದರೆ ಮನೆಗಳ ಗೇಟಿಗೆ ನೇತುಹಾಕುವ ಟು-ಲೆಟ್ ಬೋರ್ಡುಗಳೇ. ಅದೇ ಅಳತೆ, ಹಳದಿ ಬಣ್ಣದ ಮೇಲೆ ಅದೇ ದಪ್ಪ ಕಪ್ಪು ಅಕ್ಷರ. ಹತ್ತಿರ ಬಂದು ಓದಿದವರು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದರು.

‘ನಮಗೇನೂ ತೊಂದರೆ ಇಲ್ಲ, ಅಕ್ಕಪಕ್ಕದವರು ಒಪ್ಪಲ್ಲ.’

‘ಫ್ಯಾಮಿಲಿಗೆ ಮಾತ್ರ.’

‘ಈಗ್ತಾನೇ ಬೇರೆಯವರಿಗೆ ಕೊಟ್ಬಿಟ್ವಿ, ಬೋರ್ಡ್ ತೆಗೆಯೋಕೆ ಮರ್ತೋಯ್ತು.’

ಶಾಂತಲಾ ಟ್ರಾನ್ಸ್ ಮಹಿಳೆ. ಅವಳೂ ಅವಳ ಸಂಘದ ಗೆಳತಿಯರೂ ಬಾಡಿಗೆ ಮನೆ ಕೇಳಲು ಹೋದಾಗ ಮಾಲೀಕರು ಕೊಟ್ಟ ಉತ್ತರಗಳಿವು. ಯಶವಂತಪುರದ ಅಂಗಡಿಯೊಂದರಲ್ಲಿ ಬೋರ್ಡ್ ಬರೆಯುವುದನ್ನು ಕಲಿತಿದ್ದವಳು, ಒಂದಕ್ಷರವನ್ನೂ ಬದಲಿಸದೆ ಅವನ್ನು ತಗಡಿಗೆ ಇಳಿಸಿದ್ದಳು. ಯಾರ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಪ್ರತಿ ಭಾನುವಾರ ಒಂದೊಂದು ಬಡಾವಣೆಯಲ್ಲಿ ಅವುಗಳ ಪ್ರದರ್ಶನ ನಡೆಯುತ್ತಿತ್ತು. ಓದಿದವರಲ್ಲಿ ಕೆಲವರು ಜಗಳಕ್ಕೆ ನಿಲ್ಲುತ್ತಿದ್ದರು, ಬಹಳಷ್ಟು ಜನ ಫೋಟೋ ತೆಗೆದುಕೊಂಡು ಹೊರಟುಹೋಗುತ್ತಿದ್ದರು. ಅಪರೂಪಕ್ಕೆ ಯಾರೋ ಒಬ್ಬರು ತಮ್ಮದೊಂದು ಮನೆ ಖಾಲಿ ಇದೆ, ಬಂದು ನೋಡಿ ಎನ್ನುತ್ತಿದ್ದರು. ಆ ಒಬ್ಬರಿಗಾಗಿಯೇ ಇಷ್ಟೆಲ್ಲ.

ಅವನು ನಿಂತಿದ್ದುದು ಕೊನೆಯ ಬೋರ್ಡಿನ ಮುಂದೆ.

‘ಅಮ್ಮನ್ನ ಕೇಳಿ ಹೇಳ್ತೀನಿ.’

ಮತ್ತಿಕೆರೆಯ ಅಶ್ವತ್ಥ್. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ, ಅವನ್ನು ನೋಡಿಕೊಳ್ಳುವುದೇ ಅವನ ಕೆಲಸ. ಬೇಸಿಗೆಯಲ್ಲಿ ಶಾಂತಲಾ ತನ್ನ ಅಕ್ಬರಿ ಅಮ್ಮನ ಜೊತೆ ಅಲ್ಲಿಗೆ ಮನೆ ನೋಡಲು ಹೋಗಿದ್ದಳು.

ಅಕ್ಬರಿ ಅವಳ ಗುರು. ಹೆತ್ತವರು ಬಾಗಿಲು ಹಾಕಿಕೊಂಡಾಗ ಅವಳನ್ನು ಮಡಿಲಿಗೆ ಹಾಕಿಕೊಂಡು ಮಗಳೇ ಎಂದವರು. ಅವರ ಸಮುದಾಯದಲ್ಲಿ ಗುರುವೇ ತಾಯಿ. ಊರು ಬಿಡುವುದಿರಲಿ, ಯಾರನ್ನಾದರೂ ಮೆಚ್ಚುವುದಿರಲಿ, ಆ ತಾಯಿಯನ್ನು ಕೇಳದೆ ಮಗಳು ಹೆಜ್ಜೆ ಇಡುವುದಿಲ್ಲ. ಅಮೃತಹಳ್ಳಿಯಲ್ಲಿ ಅವರಿಬ್ಬರೂ ಇದ್ದ ಹಳೆಯ ಮನೆಯನ್ನು ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಾರೆ ಎಂದು ಗೊತ್ತಾಗಿತ್ತು. ಅಕ್ಬರಿಗೆ ಮಂಡಿ ನೋವು, ಮಹಡಿ ಹತ್ತಲಾರರು. ಗ್ರೌಂಡ್ ಫ್ಲೋರ್ ಮನೆಯೇ ಬೇಕಿತ್ತು.

ಅಂದು ಅಶ್ವತ್ಥ್ ನಲ್ಲಿ ತಿರುಗಿಸಿ ನೀರು ಬರುವುದನ್ನು ತೋರಿಸಿದ್ದ. ಬಾಗಿಲ ಬಳಿ ಮೆಟ್ಟಿಲು ಎತ್ತರವಿದೆ, ಹುಷಾರಮ್ಮ ಎಂದು ಅಕ್ಬರಿಯ ಕೈ ಹಿಡಿದು ಇಳಿಸಿದ್ದ. ಮನೆ ತೋರಿಸುವವರು ಹಾಗೆ ಕೈ ಹಿಡಿಯುವುದನ್ನು ಶಾಂತಲಾ ಅದುವರೆಗೆ ನೋಡಿರಲಿಲ್ಲ. ಅವನು ಅವಳಿಗೆ ಇಷ್ಟವಾಗಿದ್ದು ಆಗಲೇ. ಆಮೇಲೆ ಅವನು ಆ ಮಾತು ಹೇಳಿದ. ಹೇಳಿದವನು ಫೋನ್ ಮಾಡಲಿಲ್ಲ.

ಬೇರೆಯವರ ಮಾತಿಗೆ ಅವಳಿಗೆ ಸಿಟ್ಟು ಬಂದಿತ್ತು. ಇವನ ಮಾತಿಗೆ ಮಾತ್ರ ಅವಳು ಕಾದಿದ್ದಳು... ಅದಕ್ಕೇ ಆ ಬೋರ್ಡಿನ ಅಕ್ಷರಗಳು ಉಳಿದವಕ್ಕಿಂತ ಚೆನ್ನಾಗಿ ಬಂದಿದ್ದವು.

"ಜಗಳ ಆಡೋಕೆ ಬಂದಿದ್ರೆ ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಓದೋರಿಗೆ ಅಡ್ಡ ಆಗುತ್ತೆ," ಎಂದಳು.

"ಜಗಳಕ್ಕಲ್ಲ. ಇದ್ರಲ್ಲಿ ಒಂದು ಬಿಟ್ಟೋಗಿದೆ."

"ಏನು?"

"ಅಮ್ಮನ್ನ ನಾನು ಕೇಳ್ಲೇ ಇಲ್ಲ. ಅದನ್ನೂ ಬರೀರಿ."

ಶಾಂತಲಾ ಬೈಗುಳಕ್ಕೆ ತಯಾರಾಗಿದ್ದಳು, ಬೋರ್ಡ್ ಕಿತ್ತುಕೊಳ್ಳಲು ಬಂದರೆ ಏನು ಮಾಡಬೇಕೆಂದೂ ಯೋಚಿಸಿಟ್ಟಿದ್ದಳು. ಇದನ್ನು ಮಾತ್ರ ಎಣಿಸಿರಲಿಲ್ಲ. ತಂತಿಯನ್ನು ಇನ್ನೊಂದು ಸುತ್ತು ಬಿಗಿದಳು.

"ಹೇಳಿದ್ದನ್ನ ಅಷ್ಟೇ ಬರೆಯೋದು. ಮಾಡ್ದೇ ಇರೋದನ್ನೂ ಬರೆಯೋಕೆ ಹೊರಟ್ರೆ ಬೆಂಗಳೂರಲ್ಲಿ ತಗಡು ಸಾಲಲ್ಲ."

ಅವನು ನಕ್ಕ. ಆ ಮನೆ ಈಗ ಯಾರಿಗೆ ಕೊಟ್ಟಿದ್ದೀರಿ ಎಂದು ಅವಳು ಕೇಳಿದಳು. ಖಾಲಿಯೇ ಇದೆ, ಬೇರೆಯವರಿಗೆ ಕೊಡಲು ಮನಸ್ಸಾಗಲಿಲ್ಲ ಎಂದ. ಇವಳಿಗೆ ಕೊಡುವ ಧೈರ್ಯವಿಲ್ಲ, ಇನ್ನೊಬ್ಬರಿಗೆ ಕೊಡುವ ಮನಸ್ಸಿಲ್ಲ. ಇಂಥ ಗಂಡಸರೂ ಇರುತ್ತಾರೆ.

ಮುಂದಿನ ಭಾನುವಾರ ಆರ್‌ಟಿ ನಗರದ ಪ್ರದರ್ಶನಕ್ಕೆ ಅವನು ಏಣಿ ಹೊತ್ತು ಬಂದ. ಯಾರೂ ಕರೆದಿರಲಿಲ್ಲ. ಅದರ ಮುಂದಿನ ವಾರ ಯಲಹಂಕಕ್ಕೂ ಬಂದ, ತಂತಿ ಕತ್ತರಿಸಲು ಕಟಿಂಗ್ ಪ್ಲೇಯರ್ ಜೊತೆಗೆ. ತನ್ನ ಮನೆಗಳ ಹಳೆಯ ಟು-ಲೆಟ್ ಬೋರ್ಡುಗಳನ್ನು ತಂದುಕೊಟ್ಟ. ಅವಕ್ಕೆ ಹಳದಿ ಬಣ್ಣ ಬಳಿಯುವ ಕೆಲಸವನ್ನು ಶಾಂತಲಾ ಅವನಿಗೇ ವಹಿಸಿದಳು. ಅವನು ಎಷ್ಟು ಹುಷಾರಾಗಿ ಬಳಿದರೂ ಅಂಚಿನಲ್ಲಿ ಬಿಟ್ಟುಹೋಗುತ್ತಿತ್ತು, ಅವಳು ಬೈದುಕೊಂಡು ಸರಿಮಾಡುತ್ತಿದ್ದಳು. ಬೈಗುಳದ ನಡುವೆ ಎಲ್ಲೋ ನೀವು ಹೋಗಿ ನೀನು ಆಗಿತ್ತು.

ಯಲಹಂಕದ ಟೀ ಅಂಗಡಿಯ ಮುಂದೆ ನಿಂತಿದ್ದಾಗ ಅವನು ಲೋಟ ನೋಡುತ್ತಲೇ ಹೇಳಿದ.

"ನೀನಿಲ್ದೇ ಇರೋ ಭಾನುವಾರ ಹೇಗಿರುತ್ತೆ ಅನ್ನೋದೇ ಮರ್ತೋಗಿದೆ ಕಣೆ."

ಟೀ ಆರುತ್ತಿದೆ, ಕುಡಿ ಎಂದಳು ಅವಳು. ಆದರೆ ಅವತ್ತು ಮನೆ ಸೇರುವವರೆಗೂ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಅವಳ ಮುಖ ನೋಡಿದ ಅಕ್ಬರಿ ಒಂದೇ ಪ್ರಶ್ನೆ ಕೇಳಿದರು. ಆ ಹುಡುಗ ಅವನಮ್ಮನನ್ನು ಕೇಳಿದನಾ ಎಂದು. ಶಾಂತಲಾಳ ನಗು ನಿಂತಿತು. ಅವನು ತನ್ನ ತಾಯಿಯ ವಿಷಯ ಎತ್ತುತ್ತಲೇ ಇರಲಿಲ್ಲ. ಅವಳಾಗಿ ಕೇಳಲೂ ಇಲ್ಲ. ಕೇಳಿದ ಮೇಲೆ ಎಂಥ ಉತ್ತರ ಬರುತ್ತದೆ ಎಂಬುದು ಬೇಲಿಯ ತುಂಬ ನೇತಾಡುತ್ತಿತ್ತಲ್ಲ...

ಮುಂದಿನ ವಾರ ಮತ್ತಿಕೆರೆಯ ಸರದಿ. ಅಲ್ಲಿ ಬೇಡ, ಜನ ನಿಲ್ಲುವುದಿಲ್ಲ ಎಂದು ಅಶ್ವತ್ಥ್ ಏನೇನೋ ಹೇಳಿ ನೋಡಿದ. ವಿದ್ಯಾರ್ಥಿಗಳು ರೂಮು ಹುಡುಕಿಕೊಂಡು ಓಡಾಡುವ ಜಾಗ, ಅಲ್ಲಲ್ಲದೆ ಇನ್ನೆಲ್ಲಿ ಎಂದಳು ಶಾಂತಲಾ. ಅವನು ಬಂದ. ಏಣಿ ಹಾಕಿ ಬೋರ್ಡುಗಳನ್ನೂ ಕಟ್ಟಿದ. ಆದರೆ ಆಗಾಗ ರಸ್ತೆಯ ಕಡೆಗೇ ನೋಡುತ್ತಿದ್ದ.

ಹನ್ನೊಂದರ ಹೊತ್ತಿಗೆ, ಸೊಪ್ಪಿನ ಚೀಲ ಹಿಡಿದ ವಯಸ್ಸಾದ ಹೆಂಗಸೊಬ್ಬರು ಬೇಲಿಯ ಮುಂದೆ ನಿಂತರು. ಒಂದೊಂದೇ ಬೋರ್ಡನ್ನು ಬಾಯಿಬಿಟ್ಟು ಓದಿದರು.

"ಇದೇನವ್ವ, ಇಂಗೆಲ್ಲಾ ಬರ್ದಿದೀಯ?"

ಶಾಂತಲಾ ವಿವರಿಸಿದಳು. ಮಂಡಿ ನೋವಿರುವ ತನ್ನ ಅಮ್ಮನ ವಿಷಯವನ್ನೂ ಹೇಳಿದಳು. ಆ ಹೆಂಗಸು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಕೊನೆಯ ಬೋರ್ಡಿನ ಮುಂದೆ ಹೆಚ್ಚು ಹೊತ್ತು ನಿಂತರು.

"ಯಾವನೋ ಅವ್ರಮ್ಮನ ಮ್ಯಾಲೆ ಆಕ್ಬುಟ್ಟವ್ನೆ. ಪಾಪ, ಆಯಮ್ಮಂಗೆ ಗೊತ್ತೇ ಇರಾಕಿಲ್ಲ."

ಶಾಂತಲಾಗೆ ನಗು ತಡೆಯಲಾಗಲಿಲ್ಲ. ಈ ಮಾತನ್ನು ಅಶ್ವತ್ಥ್ ಕೇಳಲೇಬೇಕು ಎಂದು ಏಣಿಯ ಕಡೆ ತಿರುಗಿದಳು. ಏಣಿಯ ಮೇಲೆ ಅವನಿರಲಿಲ್ಲ. ಆಚೆ, ನಿಂತಿದ್ದ ಆಟೋಗಳ ಪಕ್ಕದಲ್ಲಿದ್ದ. ಆ ಹೆಂಗಸೂ ಅವನನ್ನು ನೋಡಿದರು.

"ಅಶ್ವತ್ಥ, ನೀನೇನ್ಲಾ ಇಲ್ಲಿ? ಇವ್ರೆಲ್ಲ ಗೊತ್ತಾ ನಿಂಗೆ?"

ಅವರು ಪಟಾಲಮ್ಮ. ಅವನ ತಾಯಿ ಎಂದು ಶಾಂತಲಾಗೆ ಆಗ ಗೊತ್ತಾಯಿತು. ಈಗ ಹೇಳುತ್ತಾನೆ. ಇದಕ್ಕಿಂತ ಒಳ್ಳೆಯ ಸಮಯ ಇನ್ಯಾವುದಿದೆ...

"ಇಲ್ಲಮ್ಮ," ಎಂದ ಅಶ್ವತ್ಥ್. "ಈ ಕಡೆ ಹೋಗ್ತಿದ್ದೆ... ಸುಮ್ನೆ ನೋಡ್ತಿದ್ದೆ."

ಅವನ ಬೆರಳುಗಳಲ್ಲಿ ಹಳದಿ ಬಣ್ಣ ಇನ್ನೂ ಹಸಿಯಾಗಿತ್ತು.

ಸೊಪ್ಪಿನ ಚೀಲ ತೆಗೆದುಕೊಂಡು ಅವನು ತಾಯಿಯ ಜೊತೆ ಹೊರಟ. ಶಾಂತಲಾ ಅಳಲಿಲ್ಲ. ಅಷ್ಟು ಜನರ ನಡುವೆ ಅಳುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು. ಒಂದೊಂದಾಗಿ ತಂತಿ ಬಿಚ್ಚಿ ಬೋರ್ಡುಗಳನ್ನು ಚೀಲಕ್ಕೆ ತುಂಬಿದಳು. ಅವನು ವಾಪಸ್ ಓಡಿಬರುವ ಹೊತ್ತಿಗೆ ಬೇಲಿ ಖಾಲಿಯಾಗಿತ್ತು.

"ನಿಮ್ಮ ಏಣಿ ಅಲ್ಲಿದೆ. ತಗೊಂಡು ಹೋಗಿ."

"ಶಾಂತಲಾ, ಒಂದ್ನಿಮಿಷ..."

"ಮನೆ ಕೇಳ್ದಾಗ ಸುಳ್ಳು ಹೇಳಿದ್ರಿ, ತಡ್ಕೊಂಡೆ. ಇವತ್ತು ನಾನೇನೂ ಕೇಳಿರ್ಲಿಲ್ಲ."

ಅವಳು ಬಸ್ಸು ಹತ್ತಿದಳು.

ಮನೆಗೆ ಬಂದು ಹೊಸದೊಂದು ತಗಡು ತೆಗೆದುಕೊಂಡು ಬರೆದಳು. ‘ಸುಮ್ನೆ ನೋಡ್ತಿದ್ದೆ.’ ಅಕ್ಷರಗಳು ನೇರವಾಗಿಯೇ ಬಂದವು. ಆದರೆ ಅದನ್ನು ಮುಂದಿನ ಭಾನುವಾರದ ಚೀಲಕ್ಕೆ ಹಾಕಲಿಲ್ಲ. ಗೋಡೆಗೆ ಮುಖ ಮಾಡಿ ಒರಗಿಸಿಟ್ಟಳು.

ಫೋನ್ ಬಡಿದುಕೊಳ್ಳುತ್ತಿತ್ತು, ಅವಳು ತೆಗೆಯುತ್ತಿರಲಿಲ್ಲ. ಅಕ್ಬರಿ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಆಮೇಲೆ, ಯಾವತ್ತೂ ಹೇಳದಿದ್ದ ತಮ್ಮ ಕಥೆಯನ್ನು ಹೇಳಿದರು. ವಯಸ್ಸಿನಲ್ಲಿ ಅವರನ್ನೂ ಒಬ್ಬ ಪ್ರೀತಿಸಿದ್ದ. ಕತ್ತಲಾದ ಮೇಲೆ ಹಿಂಬಾಗಿಲಿಗೆ ಬರುತ್ತಿದ್ದ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದ. ವರ್ಷಗಟ್ಟಲೆ ಅವರು ಆ ಬಾಗಿಲು ತೆಗೆದರು.

"ಬುರಾ ಆದ್ಮಿ ಅಲ್ಲ ಬೇಟಿ ಆ ಹುಡುಗ, ಕೆಟ್ಟೋನಲ್ಲ. ಡರ್‌ಪೋಕ್, ಪುಕ್ಕಲ ಅಷ್ಟೇ. ಆದ್ರೆ ನೀನು ಹಿಂಬಾಗಿಲು ತೆಗೀಬೇಡ."

ತೆಗೆಯುವುದಿಲ್ಲ ಎಂದಳು ಶಾಂತಲಾ. ಆಗ ಅತ್ತಳು. ಅವನು ಬೇಕು ಎನ್ನುವುದೂ ನಿಜವಾಗಿತ್ತು, ಅದು ಇನ್ನೂ ಕಷ್ಟ.

ಮನೆ ಖಾಲಿ ಮಾಡುವ ದಿನ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ಅವಳು ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಎಲ್ಲಿಗೆ ಹೋಗುವುದು ಎಂಬುದು ಗೊತ್ತಿಲ್ಲದಿದ್ದರೂ ತುಂಬುವುದನ್ನಂತೂ ತುಂಬಲೇಬೇಕಲ್ಲ. ಅಕ್ಬರಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಗೇಟಿನ ಹೊರಗೆ ಅಶ್ವತ್ಥ್ ಬಂದು ನಿಂತ. ಎದುರು ಮನೆಯಾಕೆ ಅಂಗಳ ಗುಡಿಸುವುದನ್ನು ನಿಲ್ಲಿಸಿ ನೋಡತೊಡಗಿದಳು.

ಅವನು ದನಿ ತಗ್ಗಿಸಲಿಲ್ಲ.

"ಅಮ್ಮನ್ನ ಕೇಳ್ದೆ."

ಶಾಂತಲಾ ಗೇಟಿನವರೆಗೆ ಬಂದಳು. ಚಿಲಕ ತೆಗೆಯಲಿಲ್ಲ.

ಮೊದಲು ಮನೆಯ ವಿಷಯ ಕೇಳಿದನಂತೆ. ಪಟಾಲಮ್ಮ ಮಗನಿಗೆ ಚೆನ್ನಾಗಿ ಉಗಿದರಂತೆ. ತನ್ನನ್ನು ಕೇಳದೆ ತನ್ನ ಹೆಸರಿನಲ್ಲಿ ಇಲ್ಲ ಎಂದಿದ್ದಕ್ಕೆ, ಊರಿಗೆಲ್ಲ ತನ್ನನ್ನು ಬೋರ್ಡು ಮಾಡಿ ನೇತುಹಾಕಿಸಿದ್ದಕ್ಕೆ. ಸುಮ್ಮನೆ ನೋಡುವವನ ಕೈಗೆ ಬಣ್ಣ ಹೇಗೆ ಅಂಟುತ್ತದೆ ಎಂದೂ ಕೇಳಿದರಂತೆ. ಮನೆ ಕೊಡಲು ಅವರದೇನೂ ಅಡ್ಡಿಯಿಲ್ಲ.

"ಇನ್ನೊಂದೂ ಕೇಳ್ದೆ," ಎಂದ. "ಮದ್ವೆ ಆದ್ರೆ ನಿನ್ನನ್ನೇ ಅಂತ ಹೇಳ್ದೆ."

ಎದುರು ಮನೆಯಾಕೆಯ ಪೊರಕೆ ಕೈಯಲ್ಲೇ ಉಳಿಯಿತು.

"ಏನಂದ್ರು?" ಶಾಂತಲಾ ಮೆಲ್ಲಗೆ ಕೇಳಿದಳು.

"ಎದ್ದು ಒಳಗೋದ್ರು. ಮಾತು ಬಿಟ್ಬಿಟ್ರು. ನಿನ್ನೆ ಕಾಫಿ ಕೊಡ್ವಾಗ, ಆ ಮನೆ ಮೆಟ್ಲಿಗೆ ಒಂದು ಕಂಬಿ ಹಾಕ್ಸು, ಮಂಡಿ ನೋವಿರೋರು ಹೆಂಗೆ ಹತ್ತುತ್ತಾರೆ ಅಂದ್ರು. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಒಪ್ಕೊಂಡ್ರು ಅಂತ ಸುಳ್ಳು ಹೇಳಲ್ಲ. ಅವ್ರು ಒಪ್ಲಿ ಅಂತ ಆಸೆ ಇದೆ. ಒಪ್ದೇ ಇದ್ರೂ ನನ್ನ ಮಾತು ನಂದೇ ಶಾಂತಲಾ. ನಂಗೆ ನೀನು ಬೇಕು. ಯಾರು ಕೇಳಿದ್ರೂ ಗೊತ್ತು ಅಂತೀನಿ."

ಶಾಂತಲಾ ಒಳಗೆ ಹೋದಳು. ಗೋಡೆಗೆ ಒರಗಿಸಿಟ್ಟಿದ್ದ ಬೋರ್ಡನ್ನು ತಂದು ಗೇಟಿನ ಮೇಲಿಂದ ಅವನ ಕೈಗೆ ಕೊಟ್ಟಳು. ಅವನು ಓದಿದ. ಮುಖ ಕೆಂಪಾಯಿತು.

"ಮುಂದಿನ್ ಸಲ ಮತ್ತಿಕೆರೆಗೆ ಹೋದಾಗ ಇದನ್ನ ನಾನೇ ಕಟ್ತೀನಿ," ಎಂದ. "ಅದೇ ಜಾಗದಲ್ಲಿ. ಅಮ್ಮ ಸೊಪ್ಪು ತರೋ ಹೊತ್ತಿಗೆ."

ಇಷ್ಟು ದಿನ ತಡೆದುಕೊಂಡಿದ್ದೆಲ್ಲ ಈಗ ಗೇಟಿನ ಮುಂದೆ, ಎದುರು ಮನೆಯಾಕೆ ನೋಡುತ್ತಿರುವಾಗಲೇ ಹೊರಬರುತ್ತದೇನೋ ಎಂದು ಅವಳಿಗೆ ಅನ್ನಿಸಿತು.

"ನೀನೇನಂತೀಯ?" ಅಶ್ವತ್ಥ್ ಕೇಳಿದ.

ಶಾಂತಲಾ ಕಣ್ಣೊರೆಸಿಕೊಂಡಳು.

"ಅಮ್ಮನ್ನ ಕೇಳಿ ಹೇಳ್ತೀನಿ."

ಅವನ ಮುಖ ಇಳಿದುಹೋಯಿತು. ಕಾಯುವುದೆಂದರೆ ಏನೆಂದು ಅವನಿಗೂ ಗೊತ್ತಾಗಲಿ ಎಂದುಕೊಂಡಳು ಅವಳು. ಆಮೇಲೆ ನಿಂತಲ್ಲೇ ಬಾಗಿಲ ಕಡೆ ತಿರುಗಿದಳು.

"ಅಮ್ಮಾ, ಎಲ್ಲಾ ಕೇಳಿಸ್ತಲ್ಲ. ಏನ್ ಹೇಳ್ಲಿ?"

ಅಕ್ಬರಿ ಮಂಡಿ ನೀವಿಕೊಳ್ಳುತ್ತಾ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಚೆ ನಿಂತಿದ್ದ ಎದುರು ಮನೆಯಾಕೆಯನ್ನೂ ನೋಡಿದರು.

"ಮೊದ್ಲು ಗೇಟ್ ತೆಗಿ ಬೇಟಿ. ಎಷ್ಟೊತ್ತು ಬಿಸಿಲಲ್ಲಿ ನಿಲ್ಸ್ತೀಯ ಹುಡುಗನ್ನ?"

ಶಾಂತಲಾ ಚಿಲಕ ತೆಗೆದಳು. ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಅಶ್ವತ್ಥ್ ಇನ್ನೂ ಹೊರಗೇ ನಿಂತಿದ್ದ.

"ಬರ್ಲಾ ಒಳಗೆ?"

"ಬಾ," ಎಂದಳು ಅವಳು. "ಎಲ್ರೂ ನೋಡ್ತಿದ್ದಾರೆ. ಈಗ್ಲೇ ಬಾ."