ನಕಲಿ ಸಾಹೇಬರು

ತಿಥಿ ಮುಗಿಸಿ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ, ಅವಳು ಮರೆತು ಮೂರು ಲೋಟ ಕಾಫಿ ಬೆರೆಸಿದಳು.

ಅತ್ತೆ ಮೂರನೆಯ ಲೋಟವನ್ನೇ ನೋಡುತ್ತಿದ್ದರು. ತಮ್ಮ ಪಾಲಿನದನ್ನು ಮುಗಿಸಿ ಅದನ್ನೂ ಕುಡಿದರು.

"ಎಷ್ಟು ಸಕ್ಕರೆ ಹಾಕ್ಕೋತಿದ್ದ, ಪಾಪಿ..." ಎಂದರು. ಆಮೇಲೆ, "ಅವನ ಕೋಟು ಅಲ್ಲೇ ನೇತಾಡ್ತಿದೆ. ಎತ್ತಿಡ್ತೀಯಾ ಕಂದಾ? ನನ್ನ ಕೈಲಾಗಲ್ಲ."

ಅವಳ ಕೈಲೂ ಆಗುತ್ತಿರಲಿಲ್ಲ. ಆದರೆ ಮನೆಯಲ್ಲಿ ಇನ್ನು ಯಾರಿದ್ದರು?

ಕೋಟಿನ ಜೇಬಿನಲ್ಲಿ ಗಟ್ಟಿಯಾದದ್ದೇನೋ ಸಿಕ್ಕಿತು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ.

ಅದು ಮನೆಯದಲ್ಲ. ಮಾರುಕಟ್ಟೆಯ ಮೂಲೆಯಲ್ಲಿ ಹಳೆಯ ವಾಚು ಮಾರುವ ಮಾಮನದು. ಅವಳು ತನ್ನ ಗಂಡನನ್ನು ಮೊದಲು ಕಂಡದ್ದು ಆ ಅಂಗಡಿಯಲ್ಲೇ.

ಆಗಷ್ಟೇ ಅವಳಿಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಆ ಖುಷಿಗೆ ಒಂದು ಹಳೆಯ ವಾಚು ಕೊಳ್ಳೋಣವೆಂದು ಹೋಗಿದ್ದಳು. ಕೆನೆಬಣ್ಣದ ಡಯಲ್ಲು, ಸಪೂರ ಮುಳ್ಳುಗಳು. ಮಾಮ ಬೆಲ್ಟು ಹುಡುಕಲು ಒಳಗೆ ಹೋದಾಗ ಬೆಂಚಿನ ಮೇಲಿದ್ದ ಅಪರಿಚಿತ ಬಗ್ಗಿ ಪಿಸುಗುಟ್ಟಿದ.

"ತಗೋಬೇಡಿ. ನಕಲಿ."

"ನಿಮ್ಮನ್ನ ಕೇಳಿದ್ನಾ?"

"ಅಂಕಿ ನೋಡಿ. ಹಳೇ ವಾಚಿನದು ಇಷ್ಟು ಕಪ್ಪಗಿರುತ್ತಾ? ಮೇಲೆ ಹೊಸದಾಗಿ ಬರ್ದಿದಾರೆ."

ಅವಳಿಗೆ ಮೈಯೆಲ್ಲ ಉರಿಯಿತು. ಹಟಕ್ಕೆ ಬಿದ್ದು ಕೊಂಡೇಬಿಟ್ಟಳು! ಆ ಹಟಕ್ಕೇ ತಾನು ಸೋತದ್ದು ಎಂದು ಮದುವೆಯಾದ ಮೇಲೆ ಅವನು ಹೇಳಿದ್ದ.

ದಿನವೂ ಬೆಳಿಗ್ಗೆ ಅದಕ್ಕೆ ಕೀ ಕೊಡುತ್ತಿದ್ದವನೂ ಅವನೇ. "ನಿನ್ನ ನಕಲಿ ಸಾಹೇಬರಿಗೆ ಊಟ ಆಯ್ತು ಕಣೇ" ಎನ್ನುತ್ತಿದ್ದ. ಅವಳು ನಗುತ್ತಿದ್ದಳು. ಒಳಗೆಲ್ಲೋ ಚುಚ್ಚುತ್ತಿತ್ತು. ಮಾಮನನ್ನು ಕೇಳಬಹುದಿತ್ತು... ಹೌದಮ್ಮ, ನಕಲಿಯೇ ಎಂದುಬಿಟ್ಟರೆ? ಅವಳು ಒಮ್ಮೆಯೂ ಕೇಳಲಿಲ್ಲ.

ಕೊನೆಯ ಭಾನುವಾರ ಅವನು ಕಿಟಕಿಯ ಬಳಿ ಕೂತಿದ್ದ. ಒಂದು ಕಣ್ಣಿಗೆ ಈ ಭೂತಗನ್ನಡಿ, ಕೈಯಲ್ಲಿ ಅವಳ ವಾಚು.

"ಬಾ ಇಲ್ಲಿ. ಒಂದ್ನಿಮಿಷ ಈ ಆರರ ಹತ್ರ ನೋಡು."

ಅವಳು ವಾಚನ್ನು ಕಿತ್ತುಕೊಂಡಿದ್ದಳು. "ಸಾಯೋತನಕ ಇದನ್ನೇ ಸಾಧಿಸ್ತೀರಾ ನೀವು?"

"ಹಾಗಲ್ಲ ಕಣೇ..."

ಮಾರನೆಯ ದಿನ ಕಚೇರಿಯ ಮೆಟ್ಟಿಲ ಮೇಲೆ ಕುಸಿದವನು ಮತ್ತೆ ಏಳಲಿಲ್ಲ.

ಎಂಥ ಮಾತು ಆಡಿಬಿಟ್ಟೆ... ಈಗ ಯಾರ ಹತ್ತಿರ ವಾಪಸ್ ತೆಗೆದುಕೊಳ್ಳಲಿ?

ಕೀ ಇಲ್ಲದೆ ನಿಂತುಹೋಗಿದ್ದ ವಾಚನ್ನೂ ಭೂತಗನ್ನಡಿಯನ್ನೂ ಕೈಚೀಲಕ್ಕೆ ಹಾಕಿಕೊಂಡು ಅವಳು ಹೊರಟಳು.

ಮಾಮ ಅವಳನ್ನು ಕಂಡು ಎದ್ದು ನಿಂತರು. ಸುದ್ದಿ ತಲುಪಿತ್ತು. ಸ್ಟೂಲು ಒರೆಸಿ ಕೊಟ್ಟರು. ಅವಳು ಕೂತು ಭೂತಗನ್ನಡಿಯನ್ನು ಹೊರತೆಗೆದಳು.

"ತೋರಿಸಿದ್ನಾ ತಾಯಿ?"

"ನಕಲಿ ಅಂತ ತೋರಿಸೋಕೇ ತಾನೇ ಮಾಮ, ಇದನ್ನ ಒಯ್ದಿದ್ದು?"

"ಅಯ್ಯೋ, ಶಿವನೇ! ಆ ವಾಚು ತನಗೇ ಬೇಕು, ತೆಗೆದಿಡಿ ಅಂತ ಮೊದಲೇ ಹೇಳಿ ಹೋದೋನೇ ಅವನು. ಅವತ್ತು ಒಯ್ಯೋಕೆ ಬಂದಿದ್ದ. ನಾನು ಮರೆಗುಳಿ, ನಿನ್ನ ಕೈಗೆ ಕೊಟ್ಟೆ. ನಿನ್ನ ಕೈಯಿಂದ ಅದನ್ನ ಕೆಳಗಿಡಿಸೋಕೆ ನಕಲಿ ಅಂತ ಸುಳ್ಳು ಬಿಟ್ಟಿದಾನೆ, ಕಳ್ಳ! ನೀನು ಹೋದ್ಮೇಲೆ ನನಗೆ ಬೈತಾನೆ ಅಂದ್ಕೊಂಡ್ರೆ, ಬಾಗಿಲಲ್ಲಿ ನಿಂತು ನೀನು ಹೋದ ದಾರೀನೇ ನೋಡ್ತಿದಾನೆ!"

ಅವಳು ಕೈಚೀಲದಿಂದ ವಾಚನ್ನು ತೆಗೆದಳು.

"ಮೊನ್ನೆ ಮೊನ್ನೆ ಬಂದು ಬಾಯಿಬಿಟ್ಟ. 'ಅಸಲಿ ಅಂತ ಈಗ ಹೇಳಿದ್ರೆ ಅವಳು ನಂಬಲ್ಲ ಮಾಮ, ಕಣ್ಣಾರೆ ತೋರಿಸ್ಬೇಕು, ಹೇಗೆ ನೋಡೋದು ಹೇಳ್ಕೊಡಿ' ಅಂದ. ಇಲ್ಲೇ ಕೂತು ಕಲಿತ."

ಸಮಾಧಾನಕ್ಕೆ ಹೇಳುತ್ತಿದ್ದಾರೆಯೇ? ಸಾವಿನ ಮನೆಯವರಿಗೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ...

ಅವಳ ಮುಖ ನೋಡಿ ಮಾಮನಿಗೆ ಅರ್ಥವಾಯಿತು. "ನನ್ನ ಮಾತು ಬಿಡು. ನೀನೇ ನೋಡು."

ಅವಳು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡಳು. ಮೊದಲು ಬರೀ ಮಂಜು. ಕಣ್ಣೊರೆಸಿಕೊಂಡು ಮತ್ತೆ ನೋಡಿದಳು.

"ಆರರ ಹತ್ರ ಕೂದಲೆಳೆಯಂಥ ಬಿರುಕಿದೆಯಾ?"

"ಇದೆ."

"ಅಂಕಿಯ ಕೆಳಗೆ ನುಸುಳಿದೆಯೋ, ಅಂಕಿಯನ್ನೂ ಸೀಳಿದೆಯೋ?"

ಅವಳು ವಾಚನ್ನು ಬೆಳಕಿಗೆ ಹಿಡಿದಳು. ಸಣ್ಣ ಬಿರುಕು ಕೆನೆಬಣ್ಣದ ಮೇಲೆ ಹರಿದು ಬಂದು, ಕಪ್ಪು ಆರನ್ನು ನಡುವೆ ಸೀಳಿ, ಆಚೆಗೆ ಹೋಗಿತ್ತು.

"ಸೀಳಿದೆ ಮಾಮ."

"ಆಮೇಲೆ ಬರ್ದಿದ್ದಾದ್ರೆ ಮಸಿ ಬಿರುಕನ್ನ ಮುಚ್ಚಿರ್ತಿತ್ತು. ಇಲ್ಲಿ ಡಯಲ್ಲು, ಅಂಕಿ ಎರಡೂ ಒಟ್ಟಿಗೇ ಮುಪ್ಪಾಗಿವೆ. ಅಪ್ಪಟ ಅಸಲಿ, ತಾಯಿ."

ಒಟ್ಟಿಗೇ ಮುಪ್ಪಾಗಿವೆ...

ಮಾಮ ಇನ್ನೊಂದು ವಾಚನ್ನು ಸುಮ್ಮಸುಮ್ಮನೆ ಒರೆಸುತ್ತ ಕೂತರು.

"ಆ ಭೂತಗನ್ನಡಿ ನಿನ್ನ ಹತ್ರಾನೇ ಇರಲಿ," ಎಂದರು ಕೊನೆಗೆ. "ನನಗೆ ಬೇರೆ ಇದೆ."

"ಯಾವಾಗ ತಂದ್ಕೊಡ್ತೀನಿ ಅಂದಿದ್ರು ಅವರು?"

"ಅವಳಿಗೆ ತೋರಿಸಿದ ತಕ್ಷಣ, ಅಂದಿದ್ದ."

ಅವಳು ಸೆರಗಿನ ತುದಿಯಿಂದ ಗಾಜನ್ನು ಒರೆಸಿ, ಮುದುಕರ ಅಂಗೈಯಲ್ಲಿಟ್ಟಳು.

"ತಗೊಳ್ಳಿ ಮಾಮ. ತೋರಿಸಿದ್ರು."