ಗೋಡೆಯ ಮೇಲಿಟ್ಟ ಎಡೆ

ಸತ್ತ ಅಣ್ಣನನ್ನು ಒಂದು ಸಲ ಕಣ್ಣಾರೆ ನೋಡಲೇಬೇಕು ಎಂದು ಹಟ ಹಿಡಿದು, ಆ ಭಾನುವಾರ ಬೆಳಕು ಹರಿಯುವ ಮುಂಚೆಯೇ ರಾಯದುರ್ಗದ ಬೆಟ್ಟದ ಬುಡಕ್ಕೆ ಹೋದೆ. ಎಡೆ ಇಟ್ಟ ಮೇಲೆ ತಿರುಗಿ ನೋಡಬಾರದು, ಹೊತ್ತು ಮೂಡುವವರೆಗೆ ಆ ಕಡೆ ಸುಳಿಯಲೇಬಾರದು ಎಂದು ಅವ್ವ ಹೇಳಿದ್ದಳು. ಬೇಡ ಅಂದದ್ದನ್ನೇ ಮಾಡುವುದು ನನ್ನ ಹುಟ್ಟುಗುಣ, ಏನು ಮಾಡಲಿ.

ಅಲ್ಲೊಂದು ಹಳೆಯ ಕಲ್ಲುಗೋಡೆ ಅರ್ಧ ಬಿದ್ದು ಅರ್ಧ ನಿಂತಿದೆ. ಅದರ ಮೇಲೆ ಒಬ್ಬ ನನ್ನ ಕಡೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಿದ್ದ. ನಮ್ಮ ನರೇಶಣ್ಣ ಕೂರುತ್ತಿದ್ದದ್ದೂ ಹಾಗೆಯೇ. ಹಿಂದಿನ ಸಂಜೆ ನಾನು ಇಟ್ಟುಹೋಗಿದ್ದ ಎಡೆಯ ಎಲೆಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ತಿನ್ನುತ್ತಿದ್ದ. ನನ್ನ ಎದೆ ಝಲ್ಲೆಂದಿತು. ಭಯಕ್ಕಲ್ಲ, ಸಂತೋಷಕ್ಕೆ.

“ಅಣ್ಣಾ,” ಎಂದೆ.

ತಿನ್ನುತ್ತಿದ್ದ ಕೈ ಹಾಗೇ ನಿಂತಿತು. ಅಷ್ಟೆತ್ತರದಿಂದ ಸದ್ದೇ ಇಲ್ಲದೆ ಕೆಳಗೆ ಹಾರಿ ನನ್ನ ಕಡೆ ತಿರುಗಿದ. ನಮ್ಮ ಅಣ್ಣ ಅಲ್ಲ. ಎಣ್ಣೆಗಪ್ಪು ಬಣ್ಣದ, ದೊಡ್ಡ ಕಣ್ಣಿನ ಯಾರೋ ಹುಡುಗ. ನನಗಿಂತ ಅವನೇ ಹೆಚ್ಚು ನಡುಗುತ್ತಿದ್ದ.

“ನಿಮ್ಮನ್ನ ನರೇಶ ಕಳಿಸ್ಯಾನೇನ್ರಿ?” ಎಂದು ಕೇಳಿದ.

ನರೇಶಣ್ಣ ಸತ್ತು ಆಗಲೇ ಅರ್ಧ ವರ್ಷದ ಮೇಲಾಗಿತ್ತು.

ನಮ್ಮದು ರೊಳ್ಳದ ಪಕ್ಕದ ಹಳ್ಳಿ. ಕಡಲೆಕಾಯಿ ಕಿತ್ತು ಮುಗಿದರೆ ಊರಲ್ಲಿ ಕೆಲಸವಿಲ್ಲ, ಹುಡುಗರೆಲ್ಲ ಬಟ್ಟೆ ಹೊಲಿಯಲು ಊರು ಬಿಡುತ್ತಾರೆ. ನಮ್ಮಣ್ಣ ರಾಯದುರ್ಗದ ಜೀನ್ಸ್ ಯೂನಿಟ್‌ಗೆ ಬಂದ. ಇಲ್ಲಿ ಫೋನಿನಲ್ಲಿ ನೋಡಿ ನೋಡಿ ಅದೇನೋ ಪಾರ್ಕೋರ್ ಕಲಿತ. ಗೋಡೆಯಿಂದ ಗೋಡೆಗೆ ಹಾರುವುದು, ಬಂಡೆ ಮೇಲೆ ಕೈಯೂರಿ ದಾಟುವುದು. ನಮ್ಮವ್ವ ತಿಪ್ಪಮ್ಮ ಅದಕ್ಕೆ ಕೋತಿ ಆಟ ಎನ್ನುತ್ತಿದ್ದಳು. ಹಾಗೆ ಹಾರಿಕೊಂಡಿದ್ದವನಿಗೆ ಒಂದು ಪೆಟ್ಟೂ ಆಗಲಿಲ್ಲ. ಜ್ವರ ಬಂದು ಊರಿಗೆ ಬಂದವನು ವಾರ ಕಳೆಯುವುದರೊಳಗೆ ಮಲಗಿದಲ್ಲೇ ಹೋದ. ಮಣ್ಣು ಮಾಡಿದ್ದೂ ಊರಲ್ಲೇ.

ಯೂನಿಟ್ಟಿನಲ್ಲಿ ಅವನ ಹೊಲಿಗೆ ಮಿಷನ್ನಿನ ಮುಂದೆ ಅವನ ತಂಗಿ ನಾನು ಬಂದು ಕೂತೆ. ಊರಲ್ಲಿ ಅವ್ವ ಊಟ ಬಿಟ್ಟಳು. ಮುದ್ದೆ ಮುರಿದು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿರುತ್ತಾಳೆ ಎಂದು ಪಕ್ಕದ ಮನೆಯ ಶಂಕ್ರಮ್ಮ ಫೋನ್ ಮಾಡಿ ಅಳುತ್ತಿದ್ದಳು. ಕಡೆಗೆ ಅವ್ವನಿಗೊಂದು ಕನಸು ಬಿತ್ತಂತೆ. ಅಣ್ಣ ತಾನು ಹಾರುತ್ತಿದ್ದ ಆ ಗೋಡೆ ಬಿಟ್ಟು ಎಲ್ಲೂ ಹೋಗಿಲ್ಲ, ಹಸಿದುಕೊಂಡು ಅಲ್ಲೇ ಅಲೆಯುತ್ತಿದ್ದಾನೆ ಅಂತ. ಶನಿವಾರ ಸಂಜೆ ಅಲ್ಲಿ ಎಡೆ ಇಟ್ಟು ಬಾ ಎಂದಳು. ಊರಿಂದ ಬಸ್ಸಿನವರ ಕೈಲಿ ಕಡಲೆಕಾಯಿ ಉಂಡೆ ಕಳಿಸಿದಳು. ಶುಂಠಿ ಹಾಕಿ ಕಟ್ಟಿದ, ಅವನಿಗಿಷ್ಟವಾದ ಉಂಡೆ.

ಇಟ್ಟೆ. ಮರುದಿನ ಹೊತ್ತು ಮೂಡಿದ ಮೇಲೆ ಹೋಗಿ ನೋಡಿದರೆ ಉಂಡೆಯೂ ಇಲ್ಲ, ಎಲೆಯೂ ಇಲ್ಲ. ಗೋಡೆಯ ಮೇಲೆ ಒಂದು ಕಡ್ಡಿ ಕಸವಿಲ್ಲದಂತೆ ಗುಡಿಸಿತ್ತು. ಕಾಗೆ ತಿಂದರೆ ಎಲೆ ಎತ್ತುತ್ತದೆಯೇ? ನಾಯಿ ಬಂದರೆ ಗೋಡೆ ಗುಡಿಸುತ್ತದೆಯೇ? ಅಣ್ಣನೇ ಬಂದಿದ್ದ ಎಂದುಕೊಂಡೆ. ಅವ್ವನಿಗೆ ಫೋನ್ ಮಾಡಿ ಗೋಡೆ ಗುಡಿಸಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಗೋಡೇನೂ ಗುಡ್ಸಿತ್ತಾ ಎಂದು ಅವ್ವ ಇನ್ನೊಂದು ಸಲ ಕೇಳಿದಳು. ಅಂದು ರಾತ್ರಿ ಅವ್ವ ಉಂಡಳು.

ಆಮೇಲೆ ಪ್ರತಿ ಶನಿವಾರ ಎಡೆ, ಪ್ರತಿ ಭಾನುವಾರ ಅವಳದು ಒಂದೇ ಪ್ರಶ್ನೆ. ತಿಂದ್ನಾ? ತಿಂದ ಕಣವ್ವಾ, ಎನ್ನುತ್ತಿದ್ದೆ. ನಾನಂತೂ ಅಣ್ಣ ಇದ್ದಾನೆಂದೇ ಬದುಕುತ್ತಿದ್ದೆ. ಬಾಡಿಗೆ ಕೋಣೆಯ ತಾರಸಿಯ ಮೇಲೆ ಏನಾದರೂ ಸದ್ದಾದರೆ, ಮೆಲ್ಲಗೆ ಹಾರಣ್ಣಾ, ಓನರಮ್ಮ ಬೈತಾಳೆ ಎಂದು ಮಲಗಿದಲ್ಲೇ ಹೇಳುತ್ತಿದ್ದೆ.

ಈಗ ಈ ಹುಡುಗ ಬಾಯಿ ಪಕ್ಕ ಬೆಲ್ಲ ಮೆತ್ತಿಕೊಂಡು ನನ್ನೆದುರು ನಿಂತಿದ್ದ.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಗೆ ಬಂದಂತೆ ಬೈದೆ. ಸತ್ತವರ ಎಡೆ ಕದ್ದು ತಿನ್ನುವಷ್ಟು ಗತಿಗೆಟ್ಟವನಾ ನೀನು ಎಂದೆ. ನನಗೆ ಉಸಿರು ಕಟ್ಟಿ ನಿಂತಾಗ ಅವನು ಮಾತಾಡಿದ.

ಅವನ ಹೆಸರು ಗೋವರ್ಧನ್. ರಾಯದುರ್ಗದವನೇ, ಮನೆಮಂದಿಯೆಲ್ಲ ಟೈಲರುಗಳು. ಇಲ್ಲಿನ ನಾಲ್ಕಾರು ಹುಡುಗರಿಗೆ ಈ ಆಟ ಕಲಿಸಿದ್ದು ನಮ್ಮಣ್ಣ. ಕಲಿಸುವ ಮುಂಚೆ ಅವರ ಕೈಗೆ ಪೊರಕೆ ಕೊಟ್ಟನಂತೆ. ಹಾರುವ ಮುಂಚೆ ಜಾಗ ಗುಡಿಸಬೇಕು, ಒಡೆದ ಬಾಟಲಿ ಆರಿಸಬೇಕು, ಯೂನಿಟ್ಟಿನ ಕಟಿಂಗ್ ಚಿಂದಿಯಲ್ಲಿ ಗೋಡೆಯ ಮೇಲಿನ ಮರಳು ಒರೆಸಬೇಕು. ಕೆತ್ತನೆ ಇರುವ ಕಲ್ಲಿನ ಮೇಲೆ ಕಾಲಿಡುವಂತಿಲ್ಲ. ಜಾಗ ನಮ್ಮದಲ್ಲ, ನಾವು ಬಂದು ಹೋದದ್ದು ಯಾರಿಗೂ ಗೊತ್ತಾಗಬಾರದು, ಎನ್ನುತ್ತಿದ್ದನಂತೆ. ಜ್ವರ ಎಂದು ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ. ಗೆಳೆಯರು ಅವನ ಮುಖವನ್ನೂ ನೋಡಲಿಲ್ಲ, ಫೋನಿನಲ್ಲಿ ಸುದ್ದಿ ಕೇಳಿದರು, ಅಷ್ಟೇ.

“ನಾ ಎಲ್ಲಾರಕಿಂತ ಮೊದಲ ಬಂದು ಗುಡಸ್ತೀನ್ರಿ. ಒಂದಿನ ಗ್ವಾಡಿ ಮ್ಯಾಲ ಈ ಉಂಡಿ ಇತ್ತು. ಕಸ ಅಂತ ಚೀಲಕ್ಕ ಹಾಕಾಕ ಹೋದೆ. ಶುಂಠಿ ವಾಸನಿ ಬಂತು. ಉಂಡಿ ಮ್ಯಾಲ ಒಂದು ನೀಲಿ ಬೆರಳಿನ ಗುರ್ತು. ನರೇಶನ ಬೆರಳು ಯಾವಾಗ್ಲೂ ಜೀನ್ಸ್ ಬಣ್ಣ ಹತ್ತಿ ನೀಲಿ ಇರ್ತಿದ್ವು.” ಅವನು ಉಗುಳು ನುಂಗಿದ. “ಊರಿಗೆ ಹೋಗಿ ಬಂದಾಗೆಲ್ಲ ಇದನ್ನೇ ತರ್ತಿದ್ದ. ನಂಗ ಅವ್ನೇ ಇಟ್ಟು ಹೋಗ್ಯಾನ ಅನ್ಸಿತ್ರಿ.”

ನಾನು ನನ್ನ ಕೈ ನೋಡಿಕೊಂಡೆ. ಬೆಲ್ಟ್ ಲೂಪ್ ಹೊಲಿದು ಹೊಲಿದು ಐದೂ ಬೆರಳು ನೀಲಿಯಾಗಿದ್ದವು. ಇಷ್ಟು ದಿನ ಅವನು ನನ್ನನ್ನು ಅಣ್ಣ ಎಂದುಕೊಂಡಿದ್ದ, ನಾನು ಅವನನ್ನು ಅಣ್ಣ ಎಂದುಕೊಂಡಿದ್ದೆ. ನಡುವೆ ಇದ್ದ ನಿಜವಾದ ಅಣ್ಣ ಎಲ್ಲಿ ಹೋದ? ಅಲ್ಲಿ ನಿಲ್ಲಲಾಗದೆ ಹೊರಟುಬಿಟ್ಟೆ.

ಅವತ್ತೂ ಅವ್ವ ಕೇಳಿದಳು. ತಿಂದ, ಎಂದೆ. ಮೊದಲ ಸಲ ಅದು ಸುಳ್ಳಾಗಿತ್ತು. ತಾರಸಿಯ ಮೇಲೆ ಸದ್ದಾಯಿತು. ನಾನು ಮಾತಾಡಿಸಲಿಲ್ಲ, ಗೋಡೆಗೆ ಮುಖ ಮಾಡಿ ಅತ್ತೆ.

ಮುಂದಿನ ಶನಿವಾರ ಎಡೆ ಇಡಲು ಮನಸ್ಸಾಗಲಿಲ್ಲ. ಭಾನುವಾರ ಮಾತ್ರ ಕಾಲು ತಾನಾಗಿ ಅತ್ತ ನಡೆಯಿತು. ಗೋವರ್ಧನ್ ಪೊರಕೆ ಮಡಿಲಲ್ಲಿಟ್ಟುಕೊಂಡು ಗೋಡೆಯ ಕೆಳಗೆ ಸುಮ್ಮನೆ ಕೂತಿದ್ದ. ಏನೂ ಗುಡಿಸಿರಲಿಲ್ಲ.

“ಯಾಕ್ ಗುಡಿಸ್ಲಿಲ್ಲ?” ಎಂದೆ.

“ಇವತ್ತು ನಂಗೂ ಅವ ಸತ್ತಾನ್ರಿ,” ಎಂದ.

ಅವನ ಮೇಲಿನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವನ ಮಡಿಲಿಂದ ಪೊರಕೆ ಕಿತ್ತುಕೊಂಡು ನಾನೇ ಗುಡಿಸಲು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಅವನೂ ಎದ್ದು ಚಿಂದಿ ನೆನೆಸಿ ಒರೆಸತೊಡಗಿದ.

ಆಮೇಲೆ ಭಾನುವಾರಗಳು ಬೇಗ ಬೇಗ ಬಂದವು. ಎಡೆ ಇಡುವುದು ನಿಂತಿತು, ಅವ್ವ ಕೇಳಿದರೆ ಮಾತ್ರ ತಿಂದ ಎಂದೇ ಹೇಳುತ್ತಿದ್ದೆ. ಉಂಡೆಗಳನ್ನು ನಾನು ಡಬ್ಬಿಯಲ್ಲಿ ಒಯ್ದು, ಕಸ ತೆಗೆದಾದ ಮೇಲೆ ಹುಡುಗರಿಗೆಲ್ಲ ಹಂಚುತ್ತಿದ್ದೆ. ಗೋವರ್ಧನ್‌ಗೆ ಮಾತ್ರ ಎರಡು. ನನಗ್ಯಾಕ ಎರಡು ಎಂದು ಅವನು ಕೇಳಿದರೆ, ಕದ್ದು ತಿಂದು ರೂಢಿಯಾದವರಿಗೆ ಒಂದು ಸಾಲದು ಎನ್ನುತ್ತಿದ್ದೆ. ಅವನು ತಲೆ ತಗ್ಗಿಸಿ ನಗುತ್ತಿದ್ದ. ನಕ್ಕಾಗ ಎಡಗೆನ್ನೆ ಮಾತ್ರ ಒಳಗೆ ಹೋಗುತ್ತಿತ್ತು. ಅದನ್ನು ನೋಡಲೆಂದೇ ನಾನು ಕಾಲು ಕೆರೆದು ಜಗಳ ತೆಗೆಯುತ್ತಿದ್ದೆ ಎಂಬುದು ಅವನಿಗೆ ತಿಳಿದಿತ್ತೋ ಏನೋ.

ಒಂದು ದಿನ ವೇಲನ್ನು ಸೊಂಟಕ್ಕೆ ಬಿಗಿದು, ಮೊಳಕಾಲೆತ್ತರದ ಬಂಡೆ ದಾಟಲು ಹೇಳಿಕೊಡಿ ಎಂದೆ. ಕೈ ಇಲ್ಲಿ ಊರ್ರಿ, ಕಲ್ಲು ನೋಡ್ರಿ, ನನ್ನ ನೋಡಬ್ಯಾಡ್ರಿ, ಎಂದ. ನಾನು ಅವನನ್ನೇ ನೋಡಿದೆ, ಬಿದ್ದೆ. ಎಬ್ಬಿಸಲು ಹಿಡಿದ ಅವನ ಅಂಗೈ ಹಳೆಯ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ ಇತ್ತು. ಎದ್ದು ನಿಂತ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ಅಷ್ಟರಲ್ಲಿ ಹಿಂದೆ ಯಾರೋ ಗೋಡೆಯಿಂದ ಹಾರಿ ಇಳಿದಂತೆ ಸದ್ದಾಯಿತು. ಇಬ್ಬರೂ ಒಟ್ಟಿಗೆ ತಿರುಗಿದೆವು. ಯಾರೂ ಇರಲಿಲ್ಲ. ಕೈ ಬಿಟ್ಟು ದೂರ ಸರಿದೆವು.

ಹಾಗೇ ಆಗುತ್ತಿತ್ತು. ನಾವು ಹತ್ತಿರ ಬಂದಾಗೆಲ್ಲ ಅಣ್ಣ ನಡುವೆ ಬಂದು ಕೂರುತ್ತಿದ್ದ. ಅವನನ್ನು ಎದ್ದು ಹೋಗು ಎನ್ನಲು ನನಗೂ ಮನಸ್ಸಿಲ್ಲ, ಗೋವರ್ಧನ್‌ಗೂ ಇಲ್ಲ.

ಊರಲ್ಲಿ ವರ್ಷದ ತಿಥಿ ಮುಗಿಯಿತು. ಅವ್ವ ಫೋನ್ ಮಾಡಿ, ರಾಯದುರ್ಗಕ್ಕೆ ಬರುತ್ತೇನೆ, ಮಗ ಉಣ್ಣುವ ಗೋಡೆಯನ್ನು ನಾನೂ ನೋಡಬೇಕು, ಒಂದು ಸಲ ನನ್ನ ಕೈಯಾರೆ ಎಡೆ ಇಡಬೇಕು ಎಂದಳು. ಎಡೆ ಹಾಗೇ ಉಳಿದದ್ದನ್ನು ನೋಡಿದರೆ ಅವಳು ಮತ್ತೆ ಮುದ್ದೆ ಕೈಯಲ್ಲಿ ಹಿಡಿದುಕೊಂಡು ಕೂತುಬಿಡುತ್ತಾಳೆ. ಈ ಸಲ ಎಬ್ಬಿಸಲು ಯಾವ ಕನಸೂ ಬರುವುದಿಲ್ಲ.

ಗೋವರ್ಧನ್ ಹತ್ತಿರ ಓಡಿದೆ. ನಮ್ಮವ್ವ ಎಡೆ ಇಟ್ಟು ಹೋದ ಮೇಲೆ ಬೆಳಗಾಗುವುದರೊಳಗೆ ತಿಂದು ಗುಡಿಸಿಬಿಡಿ, ಒಂದೇ ಒಂದು ಸಲ ಎಂದು ಬೇಡಿಕೊಂಡೆ. ಅವನು ಒಲ್ಲೆ ಎಂದು ತಲೆಯಾಡಿಸಿದ.

“ಇಷ್ಟ್ ದಿನ ಮಾಡಿದ್ದೇ ಅಲ್ವಾ? ಹೊಸ್ದೇನೈತೆ?” ನನಗೆ ಅಳು ಬಂದಿತ್ತು.

“ಗೊತ್ತಿಲ್ದ ತಿಂದಿದ್ದು ಬ್ಯಾರೆ. ಈಗ ಗೊತ್ತಿದ್ದು ಆ ಎಡಿ ಉಂಡ್ರ ನಿಮ್ಮವ್ವಗ ನಾನೇ ನರೇಶ ಆಗ್ತೀನಿ. ನಿಮಗ ಅಣ್ಣ ಆಗ್ತೀನಿ.” ಅವನು ನನ್ನ ಮುಖ ನೋಡಲಿಲ್ಲ. “ಏನ್ ಬೇಕಾದ್ರೂ ಆಗ್ತೀನ್ರಿ ಹೇಮಾ. ನಿಮಗ ಅಣ್ಣ ಮಾತ್ರ ಆಗಂಗಿಲ್ಲ.”

ನಾನು ಎಷ್ಟೋ ಭಾನುವಾರಗಳಿಂದ ಕಾಯುತ್ತಿದ್ದ ಮಾತದು. ಬಂದದ್ದು ಇಂಥ ಹೊತ್ತಿನಲ್ಲಿ. ಹಾಗಾದ್ರೆ ನಮ್ಮವ್ವನ್ನ ಸಾಯಿಸ್ರಿ ಎಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ಅವನ ಮಾತನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ. ನಾಚಿಕೆಯಾಗಬೇಕು ನನಗೆ.

ಶನಿವಾರ ಸಂಜೆ ಅವ್ವ ಎಡೆ ಇಟ್ಟು, ತಿರುಗಿ ನೋಡದೆ ಬಂದಳು. ಬೆಳಗ್ಗೆ ಹೊತ್ತು ಮೂಡಿದ ಮೇಲೆ ಹೋದೆವು. ಎಲೆ ಇಟ್ಟಲ್ಲೇ ಇತ್ತು. ಉಂಡೆಗಳಿಗೆ ಇರುವೆ ಮುತ್ತಿತ್ತು. ಗೋಡೆಯ ಕೆಳಗೆ ಗೋವರ್ಧನ್ ಪೊರಕೆ ಹಿಡಿದು ನಿಂತಿದ್ದ. ಅವನು ಇನ್ನೂ ಮೇಲೆ ಹತ್ತಿರಲಿಲ್ಲ.

ಅಣ್ಣ ಇನ್ನೂ ಬಂದಿಲ್ಲ, ಇವತ್ತು ತಡವಾಗಿದೆ ಎಂದು ನಾನು ಏನೋ ಒದರಿದೆ. ಗೋವರ್ಧನ್ ಮುಂದೆ ಬಂದು ಅವ್ವನೆದುರು ನಿಂತ.

“ಅಮ್ಮಾ, ಇಷ್ಟ್ ದಿನ ತಿಂದಿದ್ದು ನಾನ್ರಿ. ನರೇಶ ಅಲ್ಲ.”

ಅವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಅವಳ ತೋಳು ಹಿಡಿದುಕೊಂಡೆ, ಬೀಳುತ್ತಾಳೆ ಎಂದುಕೊಂಡು. ಅವಳು ಬೀಳಲಿಲ್ಲ. ನನ್ನ ಕಡೆ ತಿರುಗಿದಳು.

“ಸತ್ತೋರು ಉಣ್ತಾರೆ ಅಂತಾರೆ. ಕಸ ಗುಡಿಸ್ತಾರೆ ಅಂತ ಯಾರಾನ ಹೇಳವ್ರೇನೆ?” ಎಂದಳು. “ನೀನು ಗೋಡೆ ಗುಡ್ಸಿತ್ತು ಅಂದ್ಯಲ್ಲ, ಅವತ್ತೇ ನಂಗೆ ಗೊತ್ತಾಯ್ತು. ಯಾರೋ ಹೆತ್ತ ಮಗ ನನ್ ಮಗನ ಅನ್ನ ಉಣ್ತಾ ಅವ್ನೆ, ಉಂಡು ಜಾಗ ಬಳ್ದು ಹೋಗ್ತಾ ಅವ್ನೆ ಅಂತ. ಆಮೇಲೇನೆ ನಂಗೂ ತುತ್ತು ಇಳ್ದಿದ್ದು.”

ಪ್ರತಿ ವಾರ ಅವಳು ಕೇಳುತ್ತಿದ್ದದ್ದು ಅಣ್ಣನ ಬಗ್ಗೆಯಲ್ಲ, ಈ ಹುಡುಗನ ಬಗ್ಗೆ. ನಾನೊಬ್ಬಳೇ ದಡ್ಡಿ, ತಾರಸಿಯ ಜೊತೆ ಮಾತಾಡಿಕೊಂಡಿದ್ದವಳು.

ಅವ್ವ ಸೊಂಟದ ಗಂಟಿನಿಂದ ಬೇರೆ ಎರಡು ಉಂಡೆ ತೆಗೆದಳು. ಎಡೆಯದು ಬೇಡ, ಅದು ಇರುವೆಗಿರಲಿ ಎಂದು ಅವನ ಅಂಗೈಯಲ್ಲಿ ಅವನ್ನಿಟ್ಟಳು. ನನ್ನ ಮಗನ ಹೆಸರಲ್ಲಿ ಉಂಡದ್ದು ಸಾಕು, ಇನ್ನು ನಿನ್ನ ಹೆಸರಲ್ಲಿ ಉಣ್ಣು ಎಂದಳು.

“ನಿನ್ನೆಸ್ರು ಏನಪ್ಪ?”

ಅವನು ಅಂಗೈಯಲ್ಲಿನ ಉಂಡೆಗಳನ್ನೇ ನೋಡುತ್ತಿದ್ದ.

“ಗೋವರ್ಧನ್,” ಎಂದೆ ನಾನು.

ಅವ್ವ ನನ್ನನ್ನು ನೋಡಿದಳು. ಸುಮಾರು ಹೊತ್ತು ನೋಡಿದಳು. ಆಮೇಲೆ ಅವನ ಕೈಯಿಂದ ಪೊರಕೆ ತೆಗೆದು ನನಗೆ ಕೊಟ್ಟು, ನೀನು ಗುಡಿಸು, ಅವನು ತಿನ್ನಲಿ ಎಂದಳು.

ಗೋಡೆ ಹತ್ತಿ, ಇರುವೆ ಮುತ್ತಿದ ಎಲೆಯನ್ನು ಕಲ್ಲಿನ ಸಂದಿಗೆ ಸರಿಸಿದೆ. ಮೇಲೆ ಯಾರೂ ಇರಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ, ನಿಜವಾಗಿಯೂ ಯಾರೂ ಇರಲಿಲ್ಲ. ಕೆಳಗೆ ಗೋವರ್ಧನ್ ಅವ್ವನ ಪಕ್ಕ ನೆಲದ ಮೇಲೆ ಕೂತು, ನನ್ನನ್ನೇ ನೋಡುತ್ತಾ, ಕಣ್ಣೀರು ಒರೆಸಿಕೊಳ್ಳದೆ ತಿನ್ನುತ್ತಿದ್ದ. ನಾನು ಅಳುತ್ತಲೇ ಗುಡಿಸಿದೆ, ಅಣ್ಣ ಬಂದು ಹೋದದ್ದು ಯಾರಿಗೂ ಗೊತ್ತಾಗದ ಹಾಗೆ.