ಹಳೇ ದನಿಯ ಹೊಸ ಮೈಕು

“ಮನೆಯವರನ್ನ ಮಾತ್ರ ಇದರ ಮುಂದೆ ಕೂರಿಸಬೇಡಿ ಸಾರ್.”

ಅಂಗಡಿಯ ಹಿಂಬದಿಯಲ್ಲಿ ಬೆಸುಗೆ ಹಾಕುತ್ತಿದ್ದ ಮುದುಕ ರಿಪೇರಿಯವ ತಲೆ ಎತ್ತದೆಯೇ ಹೇಳಿದ. ಸುತ್ತ ಸುಟ್ಟ ಸೀಸದ ವಾಸನೆ. ಮೇಜಿನ ಮೇಲೆ ಮೂರು ಮೈಕುಗಳಿದ್ದವು. ಒಂದರಲ್ಲಿ ಮಾತಾಡಿದರೆ ತಗಡು ಬಡಿದಂತೆ ಕೇಳುತ್ತಿತ್ತು. ಇನ್ನೊಂದು ನಿಜಕ್ಕೂ ಹಳೆಯದು, ಬೆಲೆ ಕೇಳಿದರೆ ಎದೆ ಒಡೆಯುವಂಥದ್ದು. ಮೂರನೆಯದು ಹೊಚ್ಚ ಹೊಸದು, ಅಗ್ಗದ್ದು. ಆದರೂ ಹಳೇ ರೇಡಿಯೋದ ಆ ಬೆಚ್ಚನೆಯ, ತುಂಬಿದ ದನಿ. ಮನೆಯಲ್ಲೇ ಹೊಸದಾಗಿ ಸ್ಟುಡಿಯೋ ತೆರೆದವನಿಗೆ ಇನ್ನೇನು ಬೇಕು?

“ಯಾಕಜ್ಜ, ಕಚ್ಚುತ್ತಾ?”

“ಹಳೇ ದನಿ ಸುಮ್ಮನೆ ಬರಲ್ಲ. ಮಾಡಿದವನು ಮಾಟ ಮಾಡಿಸಿ ಇದರೊಳಗೆ ಜನರ ದನಿ ಕಟ್ಟಿಹಾಕಿದ್ದಾನೆ. ಹೊರಗಿನವರು ಇದರ ಮುಂದೆ ಮಾತಾಡಿ ಎದ್ದು ಹೋಗ್ತಾರೆ. ಮನೆಯವರು ಹಾಗಲ್ಲ, ಕರೆದರೆ ಓಗೊಡ್ತಾರೆ. ಇದಕ್ಕೆ ಬೇಕಾದ್ದು ಅದೇ. ಒಂದು ಸಲ ರುಚಿ ಹತ್ತಿದ್ರೆ ಒಬ್ಬರಿಗೇ ನಿಲ್ಲಲ್ಲ.”

“ನನ್ನ ಹೆಂಡತಿ ದನಿ ಸ್ವಲ್ಪ ಇಳಿಸುತ್ತಾ ಹೇಳಿ, ಎರಡು ತಗೊಳ್ತೀನಿ.”

ಮುದುಕ ನಗದೆ ಮೂರನೆಯದನ್ನು ಕಟ್ಟಿಕೊಟ್ಟ.

ಸ್ಟುಡಿಯೋ ಎಂದರೆ ಮನೆಯ ಒಳಕೋಣೆ. ಗೋಡೆಗೆಲ್ಲ ರಜಾಯಿ ಹೊಡೆದು, ಕಿಟಕಿಗೆ ಸ್ಪಂಜು ತುರುಕಿದ್ದ. ನಡುಮಧ್ಯಾಹ್ನವೂ ಅಲ್ಲಿ ಗವ್ವೆನ್ನುವ ಕತ್ತಲೆ. ಬೆವರು, ಹಳೇ ಹತ್ತಿಯ ವಾಸನೆ. ಯಾವ ಮೈಕು ತಂದರೂ ಅವನು ಪರೀಕ್ಷಿಸುತ್ತಿದ್ದುದು ಏಳು ವರ್ಷದ ಮಗಳ ದನಿಯಿಂದಲೇ. ಅದರ ಒಂದೊಂದು ಎಳೆಯೂ ಅವನಿಗೆ ಬಾಯಿಪಾಠ. ಮೈಕು ಸುಳ್ಳು ಹೇಳಿದರೆ ತಟ್ಟನೆ ತಿಳಿಯುತ್ತಿತ್ತು.

“ಪುಟ್ಟಿ, ಏನಾದ್ರೂ ಹೇಳು. ಬೇಕಾದ್ರೆ ನನ್ನನ್ನೇ ಬೈಯಿ.”

“ಅಪ್ಪ ಗೊರಕೆ ಹೊಡೀತಾರೆ. ಹಲ್ಲುಜ್ಜದೆ ಕಾಫಿ ಕುಡೀತಾರೆ.”

ಹೆಡ್‌ಫೋನಿನಲ್ಲಿ ಜೇನು ಸುರಿದಂತಾಯಿತು. ಅದರ ಹಿಂದೆ ಎಲ್ಲೋ ಪಿಸುಪಿಸು. ವಯರಿನ ತೊಂದರೆಯಿರಬೇಕು ಎಂದುಕೊಂಡ.

ಮರುದಿನ ಬೆಳಗ್ಗೆ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮಗಳು ಎದ್ದು ಬಾಯಿ ತೆರೆದಳು. ದನಿಯಿಲ್ಲ. ಗಂಟಲಿನಲ್ಲಿ ಏನೂ ತೊಂದರೆಯಿಲ್ಲ ಎಂದರು ಡಾಕ್ಟರು. ಅವಳನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಓಡಿದ.

“ಅಜ್ಜ, ತಪ್ಪಾಯ್ತು. ಬಿಡಿಸೋದು ಹೇಗೆ?”

ಮುದುಕ ಮಗುವನ್ನು ನೋಡಿ ಕಣ್ಣು ಒರೆಸಿಕೊಂಡ. “ಒಡೆದ್ರೆ ಒಳಗಿರೋ ದನಿಯೂ ಹೋಗುತ್ತೆ. ಬಿಡಿಸಿದವರನ್ನ ನಾನು ಕಂಡಿಲ್ಲ. ಮಗು ಒಳಗಿಂದ ಕರೆಯುತ್ತೆ ಸಾರ್. ಓಗೊಡಬೇಡಿ. ಕಲ್ಲಾಗಿಬಿಡಿ.”

ಕಲ್ಲಾಗಬೇಕು ಎಂದುಕೊಂಡೇ ಒಳಕೋಣೆಗೆ ಹೋಗಿ ಮೈಕಿನ ಮುಂದೆ ಕೂತ. ಮಗಳು ಮಡಿಲಲ್ಲಿ ಕೂತಿದ್ದಳು. ಹೆಡ್‌ಫೋನು ಏರಿಸಿದ.

“ಅಪ್ಪಾ?”

ಹಲ್ಲು ಕಚ್ಚಿದ.

“ಅಪ್ಪಾ, ಇಲ್ಲಿ ತುಂಬಾ ಜನ ಇದ್ದಾರೆ. ಯಾರಿಗೂ ಮುಖ ಇಲ್ಲ.”

ಎಲ್ಲಿಂದಲೋ ಸುಟ್ಟ ಸೀಸದ ವಾಸನೆ.

“ಅಪ್ಪಾ, ಯಾರೋ ಕೈ ಹಿಡ್ಕೊಂಡ್ರು. ನೀನಾ?”

ಯಾವ ಅಪ್ಪ ಕಲ್ಲಾದಾನು?

“ಇದ್ದೀನಿ ಪುಟ್ಟಿ. ಹೆದರ...”

ಮುಂದಿನದು ಬರಲಿಲ್ಲ. ಗಂಟಲು ದುಡಿಯಿತು. ಗಾಳಿ ಮಾತ್ರ ಬಂತು. ಕಿವಿಯಲ್ಲಿ ಅವನದೇ ದನಿ ಮುಂದುವರಿಯಿತು, ಬೆಚ್ಚಗೆ, ತುಂಬಿಕೊಂಡು: “ಹೆದರಬೇಡ.”

ಸಂಜೆ ಹೆಂಡತಿ ಕೆಲಸ ಮುಗಿಸಿ ಬಂದಳು. ಮನೆಯಲ್ಲಿ ಸದ್ದಿಲ್ಲ. ಒಳಕೋಣೆಯ ಬಾಗಿಲು ತಳ್ಳಿದಳು. ನೆಲದ ಮೇಲೆ ಗಂಡ, ಮಗಳು. ಇಬ್ಬರ ತುಟಿಗಳೂ ದನಿಯಿಲ್ಲದೆ ಆಡುತ್ತಿದ್ದವು. ಅವಳನ್ನು ಕಂಡದ್ದೇ ಗಂಡ ಎರಡೂ ಕೈ ಅಡ್ಡಡ್ಡ ಬೀಸಿದ. ಬೇಡ. ಬೇಡ. ಎದ್ದು ಬಂದು ಅವಳ ಬಾಯಿ ಮುಚ್ಚಲು ನೋಡಿದ. ಕಾಲಿಗೆ ವಯರು ತೊಡರಿತು. ಬಿದ್ದ.

ಮೇಜಿನ ಮೇಲಿದ್ದ ಹೆಡ್‌ಫೋನಿನಿಂದ ಸಣ್ಣಗೆ ಕೇಳಿಸಿತು.

“ಅಮ್ಮಾ?”

“ಏನು ಕಂದಾ?” ಎಂದು ಅವಳು ಮೈಕಿನತ್ತ ಬಾಗಿದಳು.

ಆಮೇಲೆ ಕೋಣೆ ನಿಶ್ಶಬ್ದವಾಯಿತು. ಅಂಥ ನಿಶ್ಶಬ್ದಕ್ಕಾಗಿಯೇ ಅವನು ಗೋಡೆಗೆಲ್ಲ ರಜಾಯಿ ಹೊಡೆದಿದ್ದ.